ಫ್ಲೋರೈಡ್ ಕಂಡ ಹಲ್ಲಿಗೆ ಬ್ರಾಕೆಟ್, ಕಾಂಪೋಸಿಟ್ ಅಂಟಿಸುವುದು ಹೇಗೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆ ಕ್ಲಿನಿಕ್ ಇಟ್ಟಿರುವ ಕಿರಿಯ ದಂತವೈದ್ಯರು ಮತ್ತೆ ಮತ್ತೆ ಕೇಳುವುದು ಒಂದೇ ಪ್ರಶ್ನೆ: "ಕ್ಲಿಪ್ ಹಾಕಿದ ವಾರದಲ್ಲೇ ಬ್ರಾಕೆಟ್ ಬಿದ್ದು ಬರ್ತಿದೆ, ಯಾವ ಬಾಂಡ್ ತರಿಸಲಿ?" ಬ್ರಾಕೆಟ್ ಎಂದರೆ ಕ್ಲಿಪ್ಪಿನ ತಂತಿ ಹಿಡಿಯಲು ಹಲ್ಲಿಗೆ ಅಂಟಿಸುವ ಸಣ್ಣ ತುಂಡು, ಬಾಂಡ್ ಎಂದರೆ ತೆಳುವಾದ ರೆಸಿನ್ ಅಂಟು, ಕಾಂಪೋಸಿಟ್ ಎಂದರೆ ಬೆಳಕಿಗೆ ಗಟ್ಟಿಯಾಗುವ, ಹಲ್ಲಿನ ಬಣ್ಣದ ರೆಸಿನ್ ಮಿಶ್ರಣ. ಹೊಸ ಬಾಂಡ್ ತರಿಸುತ್ತಾರೆ, ಬ್ರಾಕೆಟ್ ಮತ್ತೆ ಬೀಳುತ್ತದೆ. ಬಾಟಲಿ ಬದಲಿಸುವ ಮೊದಲು ಎನಾಮೆಲ್ (ಹಲ್ಲಿನ ಗಟ್ಟಿ ಹೊರಪದರ) ಮೇಲ್ಮೈಯನ್ನು ಸರಿಯಾಗಿ ನೋಡಿ, ಹಂತಗಳ ಕ್ರಮ ತಪ್ಪದೆ ಕೆಲಸ ಮಾಡಿದರೆ ಈ ತೊಂದರೆಯ ಬಹುಪಾಲು ನಿಲ್ಲುತ್ತದೆ. ಆ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ. ಇದು ದಂತವೈದ್ಯರಿಗೆ, ಇಂಟರ್ನ್‌ಗಳಿಗೆ ಬರೆದದ್ದು. ಅಂಟು ಹಿಡಿಯಲೆಂದು ಎನಾಮೆಲನ್ನು ಆಸಿಡ್‌ನಿಂದ ಒರಟಾಗಿಸುವುದಕ್ಕೆ ಎಚಿಂಗ್ ಎನ್ನುತ್ತಾರೆ. ಮನೆಯಲ್ಲಿ ಯಾರೂ ಆ ಆಸಿಡ್ ಮುಟ್ಟಬಾರದು.

## ಮೊದಲು ತಿಳಿಯಬೇಕಾದ್ದು: ಇದು ಯಾವ ಫ್ಲೋರೈಡ್?

"ಫ್ಲೋರೈಡ್ ಹಲ್ಲು" ಎಂದರೆ ಎರಡು ಬೇರೆ ಬೇರೆ ಸ್ಥಿತಿ. ಇವೆರಡನ್ನು ಒಂದೇ ಎಂದುಕೊಳ್ಳುವುದೇ ಮೊದಲ ತಪ್ಪು.

ಒಂದು, ಹಲ್ಲು ರೂಪುಗೊಳ್ಳುವಾಗಲೇ ದೇಹದೊಳಗಿಂದ ಸೇರಿದ ಫ್ಲೋರೈಡ್. ಹುಟ್ಟಿನಿಂದ ಸುಮಾರು 8 ವರ್ಷದವರೆಗೆ ಫ್ಲೋರೈಡ್ ಹೆಚ್ಚಿರುವ ಕೊಳವೆಬಾವಿ ನೀರು ಕುಡಿದ ಮಕ್ಕಳಲ್ಲಿ ಇದು ಫ್ಲೋರೋಸಿಸ್ ಆಗಿ ಕಾಣುತ್ತದೆ. ಇಂಥ ಎನಾಮೆಲ್‌ನ ತೀರಾ ಹೊರಗಿನ ಪದರ ಖನಿಜದಿಂದ ಬಿಗಿದುಕೊಂಡು ಆಸಿಡ್‌ಗೆ ಸುಲಭವಾಗಿ ಕರಗುವುದಿಲ್ಲ. ಅದರ ಕೆಳಗಿನ ಪದರ ಮಾತ್ರ ಖನಿಜ ಕಡಿಮೆಯಾಗಿ ರಂಧ್ರಮಯವಾಗಿರುತ್ತದೆ. ಮೇಲೆ ಬಿಗಿ, ಕೆಳಗೆ ಟೊಳ್ಳು. ಮುಂದಿನ ಎಲ್ಲ ಎಚ್ಚರಿಕೆಗಳೂ ಈ ಒಂದು ಸಂಗತಿಯಿಂದಲೇ ಹುಟ್ಟುತ್ತವೆ.

ಎರಡು, ಕ್ಲಿನಿಕ್‌ನಲ್ಲಿ ನಾವೇ ಹೊರಗಿನಿಂದ ಹಚ್ಚಿದ ಫ್ಲೋರೈಡ್: 1.23% ಎಪಿಎಫ್ (ಆಮ್ಲೀಯ ಫಾಸ್ಫೇಟ್ ಫ್ಲೋರೈಡ್) ಜೆಲ್, 5% ಸೋಡಿಯಂ ಫ್ಲೋರೈಡ್ ವಾರ್ನಿಷ್, 38% ಸಿಲ್ವರ್ ಡೈಅಮೈನ್ ಫ್ಲೋರೈಡ್. ವಾರ್ನಿಷ್‌ನಲ್ಲಿ 22,600 ಪಿಪಿಎಂ ಫ್ಲೋರೈಡ್ ಇದ್ದರೆ, ಸಿಲ್ವರ್ ದ್ರಾವಣದಲ್ಲಿ ಸುಮಾರು 44,800. ಇವು ಎನಾಮೆಲ್ ಮೇಲೆ ಕ್ಯಾಲ್ಸಿಯಂ ಫ್ಲೋರೈಡ್‌ನಂಥ ಸೂಕ್ಷ್ಮ ಗುಂಡುಗಳ ಪದರ ಬಿಡುತ್ತವೆ. ಹುಳುಕು ತಡೆಯಲು ಆ ಪದರ ಬೇಕೇ ಬೇಕು, ಆದರೆ ಅಂಟಿಸುವ ದಿನ ಅದು ಆಸಿಡ್‌ಗೂ ಎನಾಮೆಲ್‌ಗೂ ನಡುವೆ ನಿಂತಿರುತ್ತದೆ. ವಾರ್ನಿಷ್ ಆದರೆ ಜೊತೆಗೆ ಅದರ ರಾಳದ ಅಂಟು ಪೊರೆಯೂ ಉಳಿದಿರುತ್ತದೆ.

ಮೊದಲನೆಯದು ಹಲ್ಲಿನ ರಚನೆಯೊಳಗೇ ಇದೆ, ಉಜ್ಜಿದರೆ ಹೋಗುವುದಿಲ್ಲ. ಎರಡನೆಯದು ಮೇಲ್ಮೈಯಲ್ಲಿದೆ. ಉಜ್ಜಿ, ತೊಳೆದು, ಸ್ವಲ್ಪ ಕಾದರೆ ಅದರ ಬಹುಭಾಗ ಹೋಗುತ್ತದೆ.

ದಿನಾ ಬಳಸುವ ಫ್ಲೋರೈಡ್ ಟೂತ್‌ಪೇಸ್ಟ್‌ನಿಂದ ಬ್ರಾಕೆಟ್ ಬೀಳುವುದಿಲ್ಲ. ಅದನ್ನು ನಿಲ್ಲಿಸಿ ಎಂದು ರೋಗಿಗೆ ದಯವಿಟ್ಟು ಹೇಳಬೇಡಿ. ಕ್ಲಿಪ್ ಹಾಕಿಸಿಕೊಂಡವರಿಗೆ ಆ ಪೇಸ್ಟ್ ಉಳಿದವರಿಗಿಂತ ಹೆಚ್ಚು ಬೇಕು.

## ಮೇಜಿನ ಮೇಲೆ ಇರಬೇಕಾದವು

ಹೊಸ ಯಂತ್ರ ಏನೂ ಬೇಡ. ಇರುವುದರಲ್ಲಿ ಯಾವುದನ್ನು ಆರಿಸುತ್ತೀರಿ ಎಂಬುದು ಮುಖ್ಯ.

- ಫ್ಲೋರೈಡ್, ಎಣ್ಣೆ, ಗ್ಲಿಸರಿನ್ ಇಲ್ಲದ ಬರೀ ಪ್ಯೂಮಿಸ್ (ಉಜ್ಜುವ ಕಲ್ಲಿನ) ಪುಡಿ, ಕಲಸಲು ನೀರು
- ನಿಧಾನಗತಿಯ ಹ್ಯಾಂಡ್‌ಪೀಸ್, ಪ್ರತಿ ರೋಗಿಗೂ ಹೊಸ ರಬ್ಬರ್ ಕಪ್
- 37% ಫಾಸ್ಫಾರಿಕ್ ಆಸಿಡ್ ಜೆಲ್ (ಬಣ್ಣದ್ದಾದರೆ ಒಳ್ಳೆಯದು, ಎಲ್ಲಿ ಹಚ್ಚಿದೆ, ಎಲ್ಲಿ ತೊಳೆದಿಲ್ಲ ಎರಡೂ ಕಾಣುತ್ತದೆ)
- ಸೆಕೆಂಡ್ ಎಣಿಸುವ ಗಡಿಯಾರ ಅಥವಾ ಮೊಬೈಲ್ ಟೈಮರ್
- ಚೀಕ್ ರಿಟ್ರಾಕ್ಟರ್, ಹತ್ತಿ ಸುರುಳಿ, ಸಕ್ಷನ್. ಕಾಂಪೋಸಿಟ್ ಕೆಲಸಕ್ಕೆ ರಬ್ಬರ್ ಡ್ಯಾಂ (ಹಲ್ಲಿಗೆ ಜೊಲ್ಲು ತಾಗದಂತೆ ತಡೆಯುವ ರಬ್ಬರ್ ಹಾಳೆ)
- ನಯವಾದ ಡೈಮಂಡ್ ಬರ್, ಅಥವಾ ಇದ್ದರೆ 50 ಮೈಕ್ರಾನ್ ಅಲ್ಯೂಮಿನಿಯಂ ಆಕ್ಸೈಡ್‌ನ ಏರ್ ಅಬ್ರೇಷನ್ (ಗಾಳಿಯ ಒತ್ತಡದಲ್ಲಿ ಪುಡಿ ಚಿಮ್ಮಿಸಿ ಒರಟಾಗಿಸುವ ಉಪಕರಣ)
- ಬಾಂಡ್, ಕಾಂಪೋಸಿಟ್, ಲೈಟ್ ಕ್ಯೂರ್ ಯಂತ್ರ
- ರೋಗಿಗೂ ನಿಮಗೂ ಕಣ್ಣಿನ ರಕ್ಷಣೆಗೆ ಕನ್ನಡಕ

ಕೆಲಸ ಶುರು ಮಾಡುವ ಮೊದಲು ತ್ರೀ-ವೇ ಸಿರಿಂಜಿನ (ಗಾಳಿ, ನೀರು ಬಿಡುವ ಕೊಳವೆಯ) ಗಾಳಿಯನ್ನು ಒಣ ಬಾಯಿಗನ್ನಡಿಯ ಮೇಲೆ ಕೆಲ ಸೆಕೆಂಡ್ ಬಿಡಿ. ಕನ್ನಡಿಯ ಮೇಲೆ ಹನಿ ಅಥವಾ ಎಣ್ಣೆಯ ಮಬ್ಬು ಕಂಡರೆ ಕಂಪ್ರೆಸರ್‌ನ ನೀರು ಬಸಿದು, ಫಿಲ್ಟರ್ ನೋಡಿಸಿ. ಅಲ್ಲಿಯವರೆಗೆ ಆ ಗಾಳಿಯಿಂದ ಎಚಿಂಗ್ ಆದ ಹಲ್ಲನ್ನು ಒಣಗಿಸಬೇಡಿ. ಮಳೆಗಾಲದಲ್ಲಂತೂ ಇದನ್ನು ದಿನಾ ಬೆಳಿಗ್ಗೆ ಮಾಡಬೇಕು.

## ಹಂತ 1: ವಿಚಾರಿಸಿ, ದರ್ಜೆ ಗುರುತಿಸಿ

ರೋಗಿ ಈಗ ಎಲ್ಲಿದ್ದಾರೆ ಎಂದು ಕೇಳಿದರೆ ಸಾಲದು. "ಚಿಕ್ಕವರಿದ್ದಾಗ ಯಾವ ಊರಲ್ಲಿ ಬೆಳೆದಿರಿ, ಕುಡಿಯೋಕೆ ಬೋರ್ ನೀರಾ?" ಎಂದು ಕೇಳಿ. ಬೆಂಗಳೂರಿನಲ್ಲಿ ಹತ್ತು ವರ್ಷದಿಂದ ಇರುವವರ ಬಾಚಿಹಲ್ಲಲ್ಲೂ ಬಾಲ್ಯದ ಊರಿನ ನೀರು ಉಳಿದಿರುತ್ತದೆ. ಎರಡನೇ ಪ್ರಶ್ನೆ: "ಇತ್ತೀಚೆಗೆ ಶಾಲೆ ಕ್ಯಾಂಪಿನಲ್ಲೋ ಬೇರೆ ಕ್ಲಿನಿಕ್ಕಿನಲ್ಲೋ ಹಲ್ಲಿಗೆ ಏನಾದರೂ ಹಚ್ಚಿದ್ದರಾ?" ಮೂರನೆಯದು: "ಹಲ್ಲು ಬೆಳ್ಳಗೆ ಮಾಡಿಸಿಕೊಂಡಿದ್ದೀರಾ?"

ಆಮೇಲೆ ಹಲ್ಲನ್ನು ಶುಚಿ ಮಾಡಿ, ಒಣಗಿಸಿ ನೋಡಿ. ಒದ್ದೆ ಹಲ್ಲಲ್ಲಿ ಫ್ಲೋರೋಸಿಸ್ ಅರ್ಧ ಮುಚ್ಚಿಹೋಗಿರುತ್ತದೆ. ಥೈಲ್‌ಸ್ಟ್ರಪ್–ಫೆಯರ್ಸ್ಕೊವ್ ಸೂಚ್ಯಂಕ, ಅಂದರೆ ಟಿಎಫ್ 0ಯಿಂದ 9, ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. 1ರಿಂದ 3 ಎಂದರೆ ಬಿಳಿ ಗೆರೆ, ಮೋಡದಂಥ ಕಲೆ. 4 ಎಂದರೆ ಇಡೀ ಮೇಲ್ಮೈ ಸೀಮೆಸುಣ್ಣದ ಬಿಳುಪು. 5 ಮತ್ತು 6ರಲ್ಲಿ ಸಣ್ಣ ಗುಳಿಗಳು. 7ರಿಂದ ಮೇಲೆ ಹೊರ ಎನಾಮೆಲ್ ಅಲ್ಲಲ್ಲಿ ಕಿತ್ತುಹೋಗಿರುತ್ತದೆ. ಕಂದು ಬಣ್ಣವನ್ನು ನೋಡಿ ದರ್ಜೆ ಕೊಡಬೇಡಿ. ಬಣ್ಣ ಹಲ್ಲು ಮೂಡಿದ ಮೇಲೆ ಹೊರಗಿನಿಂದ ಹತ್ತಿಕೊಳ್ಳುವಂಥದ್ದು, ಅಂಟು ಹಿಡಿಯುತ್ತದೋ ಇಲ್ಲವೋ ಎಂದು ಅದು ಹೇಳುವುದಿಲ್ಲ.

ಒಣಗಿದ ಹಲ್ಲಿನ ಫೋಟೊ ತೆಗೆದಿಡಿ. ಹಂತ 5ರಲ್ಲಿ ಇದು ಬೇಕೇ ಬೇಕು.

## ಹಂತ 2: ದಿನ ಗೊತ್ತುಮಾಡಿ

ಫ್ಲೋರೈಡ್ ಹಚ್ಚುವುದೂ ಅಂಟಿಸುವುದೂ ಎರಡೂ ಆಗಬೇಕಿದ್ದರೆ ಮೊದಲು ಅಂಟಿಸಿ, ಆಮೇಲೆ ಫ್ಲೋರೈಡ್ ಹಚ್ಚಿ. ಈ ಒಂದು ಅದಲುಬದಲಿನಿಂದಲೇ ಅರ್ಧ ತಲೆನೋವು ಹೋಗುತ್ತದೆ.

ವಾರ್ನಿಷ್ ಅಥವಾ ಎಪಿಎಫ್ ಜೆಲ್ ಈಗಾಗಲೇ ಹಚ್ಚಿಯಾಗಿದ್ದರೆ ನಾನು ಎರಡು ವಾರ ಬಿಟ್ಟು ಬರಹೇಳುತ್ತೇನೆ. ಆ ಹೊತ್ತಿಗೆ ಹಲ್ಲುಜ್ಜಿ, ಊಟ ಮಾಡಿ, ಜೊಲ್ಲು ತಾಗಿ ಸಡಿಲ ಪದರ ಬಹಳಷ್ಟು ಹೋಗಿರುತ್ತದೆ. ಮುರಿದ ಬಾಚಿಹಲ್ಲಿನಂಥ ತುರ್ತಾದರೆ ಕಾಯಬೇಡಿ, ಹಂತ 3 ಮತ್ತು 5ನ್ನು ಇನ್ನಷ್ಟು ಕಟ್ಟುನಿಟ್ಟಾಗಿ ಮಾಡಿ.

ಬ್ಲೀಚಿಂಗ್ ಆಗಿದ್ದರೂ ಎರಡು ವಾರ ಬಿಡಬೇಕು, ಆದರೆ ಕಾರಣ ಬೇರೆ. ಹಲ್ಲಿನೊಳಗೆ ಉಳಿದ ಆಮ್ಲಜನಕ ರೆಸಿನ್ ಗಟ್ಟಿಯಾಗಲು ಬಿಡುವುದಿಲ್ಲ. ಫ್ಲೋರೋಸಿಸ್ ಇರುವವರು ಬ್ಲೀಚಿಂಗ್ ಕೇಳುವುದು ಹೆಚ್ಚು, ಹಾಗಾಗಿ ಈ ಪ್ರಶ್ನೆ ಮರೆಯಬಾರದು.

## ಹಂತ 3: ಉಜ್ಜಿ ತೊಳೆಯಿರಿ

ಪ್ಯೂಮಿಸ್ ಪುಡಿಯನ್ನು ನೀರಲ್ಲಿ ತೆಳುವಾಗಿ ಕಲಸಿ, ರಬ್ಬರ್ ಕಪ್‌ನಿಂದ ಪ್ರತಿ ಹಲ್ಲಿಗೂ 10ರಿಂದ 15 ಸೆಕೆಂಡ್ ಉಜ್ಜಿ. ವಸಡಿನ ಅಂಚನ್ನು ಬಿಡಬೇಡಿ, ಅಲ್ಲಿ ರಕ್ತ ಬರುವಷ್ಟು ಒತ್ತಲೂ ಬೇಡಿ. ವಾರ್ನಿಷ್ ಹಚ್ಚಿದ ಹಲ್ಲಾದರೆ ಮೊದಲು ಎಕ್ಸ್‌ಪ್ಲೋರರ್ ತುದಿಯಿಂದ ವಸಡಿನಂಚಿನ ಹಳದಿ ಪೊರೆಯನ್ನು ಮೆಲ್ಲಗೆ ಎತ್ತಿ ತೆಗೆಯಿರಿ, ಆಮೇಲೆ ಪ್ಯೂಮಿಸ್.

ಇಲ್ಲಿ ಆಗುವ ದೊಡ್ಡ ತಪ್ಪು ಸ್ಕೇಲಿಂಗ್ ನಂತರ ಬಳಸುವ ಸುವಾಸನೆಯ ಪಾಲಿಶಿಂಗ್ ಪೇಸ್ಟನ್ನೇ ಬಳಸುವುದು. ಅದರಲ್ಲಿ ಸಾಮಾನ್ಯವಾಗಿ ಫ್ಲೋರೈಡೂ ಗ್ಲಿಸರಿನ್ನೂ ಇರುತ್ತದೆ. ಒಂದು ಕೈಯಿಂದ ಪದರ ತೆಗೆದು ಇನ್ನೊಂದು ಕೈಯಿಂದ ಹಚ್ಚಿದ ಹಾಗೆ. ಡಬ್ಬಿಯ ಮೇಲಿನ ಬರಹ ಓದಿ, ಅನುಮಾನ ಬಂದರೆ ಬರೀ ಪುಡಿಯನ್ನೇ ಬಳಸಿ.

ನಂತರ ಧಾರಾಳವಾಗಿ ನೀರು ಬಿಟ್ಟು ತೊಳೆಯಿರಿ. ಗುಳಿ ಇರುವ ಹಲ್ಲಲ್ಲಿ ಪುಡಿ ಗುಳಿಯೊಳಗೆ ಕೂತುಬಿಡುತ್ತದೆ, ಅದನ್ನು ಕಣ್ಣಾರೆ ನೋಡಿ ಖಚಿತಪಡಿಸಿಕೊಳ್ಳಿ.

## ಹಂತ 4: ಬಿಗಿ ಪದರವನ್ನು ಎಚ್ಚರದಿಂದ ಒಡೆಯಿರಿ

ಟಿಎಫ್ 1ರಿಂದ 3ಕ್ಕೆ ಈ ಹಂತ ಬೇಡ. ನೇರ ಹಂತ 5ಕ್ಕೆ ಹೋಗಿ.

ಟಿಎಫ್ 4ರಿಂದ 6ಕ್ಕೆ ಬ್ರಾಕೆಟ್ ಕೂರುವಷ್ಟು ಜಾಗದಲ್ಲಿ ಮಾತ್ರ ಹೊರಮೈಯನ್ನು ತುಸು ಒರಟಾಗಿಸಿ. ನಯವಾದ ಡೈಮಂಡ್ ಬರ್ ಹಗುರವಾಗಿ ಒಮ್ಮೆ ಸವರಿದರೆ ಸಾಕು, ಅಥವಾ 50 ಮೈಕ್ರಾನ್ ಪುಡಿಯ ಏರ್ ಅಬ್ರೇಷನ್ ಕೆಲವೇ ಸೆಕೆಂಡ್. ಹೊಳಪು ಹೋಗಬೇಕು, ಹಳ್ಳ ಬೀಳಬಾರದು. ಏರ್ ಅಬ್ರೇಷನ್ ಮಾಡಿದೆ ಎಂದು ಆಸಿಡ್ ಬಿಡುವವರಿದ್ದಾರೆ. ಅದು ಆಗದ ಮಾತು, ಬರೀ ಅಬ್ರೇಷನ್ ಮಾಡಿದ ಎನಾಮೆಲ್ ಮೇಲೆ ಅಂಟು ನಿಲ್ಲುವುದಿಲ್ಲ.

ಟಿಎಫ್ 7ರಿಂದ ಮೇಲೆ ನನ್ನ ಸಲಹೆ ಬೇರೆಯೇ. ಹೊರಪದರ ಆಗಲೇ ಹೋಗಿದೆ, ಉಳಿದದ್ದು ಟೊಳ್ಳು. ಇಂಥ ದವಡೆಹಲ್ಲಿಗೆ ಟ್ಯೂಬ್ (ತಂತಿಯ ತುದಿ ಹಿಡಿಯುವ ಸಣ್ಣ ಕೊಳವೆ) ಅಂಟಿಸುವ ಹಟ ಬಿಟ್ಟು ಗ್ಲಾಸ್ ಅಯನೋಮರ್ ಸಿಮೆಂಟಿನಿಂದ ಬ್ಯಾಂಡ್ (ಹಲ್ಲನ್ನು ಸುತ್ತುವ ಲೋಹದ ಉಂಗುರ) ಕೂರಿಸಿ. ಮುಂದಿನ ಹಲ್ಲುಗಳಿಗೆ ಮೊದಲು ಕಾಂಪೋಸಿಟ್‌ನಿಂದ ಮೈ ಕಟ್ಟಿ, ಆ ಮೈಯ ಮೇಲೆ ಬ್ರಾಕೆಟ್ ಹಾಕುವುದನ್ನು ಯೋಚಿಸಿ. ಸೆರಾಮಿಕ್ ಬ್ರಾಕೆಟ್ ಮಾತ್ರ ಬೇಡವೇ ಬೇಡ. ಅದು ಬಿಗಿಯಾಗಿ ಹಿಡಿದರೆ ಚಿಕಿತ್ಸೆ ಮುಗಿದು ತೆಗೆಯುವ ದಿನ ಎನಾಮೆಲ್ ತುಂಡು ಅದರ ಜೊತೆ ಕಿತ್ತುಬರುವ ಅಪಾಯವಿದೆ.

ಎಚಿಂಗ್‌ಗೆ ಮುನ್ನ ಸೋಡಿಯಂ ಹೈಪೋಕ್ಲೋರೈಟ್ ಹಚ್ಚಿ ಪ್ರೋಟೀನ್ ತೆಗೆಯುವ ಪದ್ಧತಿಯೂ ಇದೆ. ಅದರ ಫಲ ಎಲ್ಲ ಅಧ್ಯಯನಗಳಲ್ಲೂ ಒಂದೇ ರೀತಿ ಬಂದಿಲ್ಲ, ವಸಡಿಗೆ ತಾಗಿದರೆ ಸುಡುತ್ತದೆ. ರಬ್ಬರ್ ಡ್ಯಾಂ ಇಲ್ಲದೆ ಪ್ರಯತ್ನಿಸಬೇಡಿ.

## ಹಂತ 5: ಆಸಿಡ್, ಸಮಯ ಮತ್ತು ಕಣ್ಣು

ಸಾಮಾನ್ಯ ಎನಾಮೆಲ್‌ಗೆ 15ರಿಂದ 30 ಸೆಕೆಂಡ್ ಸಾಕು. ಫ್ಲೋರೈಡ್ ಕಂಡ ಹಲ್ಲಿಗೆ ನಾನು ಅನುಸರಿಸುವ ಲೆಕ್ಕ ಇದು:

- ಹೊರಗಿನ ಫ್ಲೋರೈಡ್ ಮಾತ್ರ, ಹಂತ 3 ಸರಿಯಾಗಿ ಆಗಿದೆ: 30 ಸೆಕೆಂಡ್
- ಟಿಎಫ್ 1ರಿಂದ 3: 30 ಸೆಕೆಂಡ್, ಹೊಳಪು ಉಳಿದರೆ ಇನ್ನೂ 30
- ಟಿಎಫ್ 4ರಿಂದ 6: 60 ಸೆಕೆಂಡ್, ನೋಡಿ, ಬೇಕಾದರೆ ಮತ್ತೆ 30ರಿಂದ 60
- ಏನೇ ಆದರೂ ಒಟ್ಟು 120 ಸೆಕೆಂಡ್ ದಾಟಬೇಡಿ

"ಜಾಸ್ತಿ ಹೊತ್ತು ಬಿಟ್ಟರೆ ಜಾಸ್ತಿ ಹಿಡಿಯುತ್ತೆ" ಎಂಬುದು ಒಂದು ಮಿತಿಯವರೆಗೆ ಮಾತ್ರ ನಿಜ. ಬಿಗಿ ಪದರ ದಾಟಿದ ಮೇಲೆ ಆಸಿಡ್ ಕೆಳಗಿನ ಟೊಳ್ಳು ಎನಾಮೆಲ್‌ಗೆ ಇಳಿದು ಅದನ್ನು ಇನ್ನೂ ಪುಡಿಪುಡಿ ಮಾಡುತ್ತದೆ. ಆಗ ಅಂಟು ಗಟ್ಟಿಯಾಗಿಯೇ ಕೂರಬಹುದು, ಮುರಿಯುವುದು ಹಲ್ಲು.

ಹಲ್ಲಿನ ಒಳಪದರವಾದ ಡೆಂಟಿನ್ ತೆರೆದಿದ್ದರೆ ಈ ಲೆಕ್ಕ ಅಲ್ಲಿಗೆ ಹೊಂದುವುದಿಲ್ಲ. ಡೆಂಟಿನ್‌ಗೆ 15 ಸೆಕೆಂಡ್ ಮೀರಬಾರದು. ಹಾಗಾಗಿ ಕಾಂಪೋಸಿಟ್ ಕೆಲಸದಲ್ಲಿ ಆಸಿಡನ್ನು ಎನಾಮೆಲ್ ಅಂಚಿಗೆ ಮಾತ್ರ ಹಚ್ಚಿ ಪೂರ್ತಿ ಸಮಯ ಬಿಟ್ಟು, ಒಳಗಿನ ಡೆಂಟಿನ್‌ಗೆ ಸೆಲ್ಫ್-ಎಚ್ ಬಾಂಡ್ (ಆಸಿಡ್ ತನ್ನೊಳಗೇ ಇರುವ ಬಾಂಡ್) ಬಳಸುವುದು ಸುರಕ್ಷಿತ. ಎನಾಮೆಲ್ ಮೇಲೆ ಸೆಲ್ಫ್-ಎಚ್ ಬಾಂಡ್ ಒಂದನ್ನೇ ನಂಬಬೇಡಿ. ಸೌಮ್ಯ ಬಗೆಯವುಗಳ ಪಿಎಚ್ 2ರ ಆಸುಪಾಸು, ಫಾಸ್ಫಾರಿಕ್ ಜೆಲ್‌ನದು 1ಕ್ಕಿಂತ ಕಡಿಮೆ. ಮಾಮೂಲಿ ಎನಾಮೆಲ್‌ನಲ್ಲೇ ಆಳಕ್ಕೆ ಇಳಿಯದ ಸೌಮ್ಯ ಆಸಿಡ್ ಫ್ಲೋರೋಸಿಸ್‌ನ ಬಿಗಿ ಪದರವನ್ನು ಒಡೆಯಲಾರದು.

ತೊಳೆಯುವುದಕ್ಕೆ ಹಲ್ಲೊಂದಕ್ಕೆ ಕನಿಷ್ಠ 15ರಿಂದ 20 ಸೆಕೆಂಡ್ ಕೊಡಿ. ಆರು ಹಲ್ಲಿಗೂ ಸೇರಿ 20 ಸೆಕೆಂಡ್ ಅಲ್ಲ. ಆಸಿಡ್ ಕರಗಿಸಿದ ಲವಣಗಳು ಮೇಲೆಯೇ ಉಳಿದರೆ ಬಾಂಡ್ ಅದರ ಮೇಲೆ ಕೂರುತ್ತದೆ, ಎನಾಮೆಲ್‌ಗೆ ಇಳಿಯುವುದಿಲ್ಲ.

ಈಗ ಎಲ್ಲರೂ ಎಡವುವ ಜಾಗ. ಕಾಲೇಜಿನಲ್ಲಿ ಕಲಿಸಿದ್ದು: ಒಣಗಿಸಿದಾಗ ಸುಣ್ಣದಂತೆ ಬೆಳ್ಳಗೆ ಕಂಡರೆ ಎಚಿಂಗ್ ಆಗಿದೆ. ಫ್ಲೋರೋಸಿಸ್ ಹಲ್ಲು ಆಸಿಡ್ ಹಚ್ಚುವ ಮೊದಲೇ ಸುಣ್ಣದಂತೆ ಬೆಳ್ಳಗಿದೆ! ಬಿಳುಪು ಇಲ್ಲಿ ಏನನ್ನೂ ಸಾಬೀತು ಮಾಡುವುದಿಲ್ಲ. ಬಣ್ಣ ನೋಡಬೇಡಿ, ಹೊಳಪು ನೋಡಿ. ದೀಪವನ್ನು ನೇರ ಮುಖಕ್ಕೆ ಬಿಡದೆ ಒಂದು ಬದಿಯಿಂದ ಓರೆಯಾಗಿ ತನ್ನಿ, ಬಾಯಿಗನ್ನಡಿಯನ್ನು ನಿಧಾನ ತಿರುಗಿಸಿ. ಸರಿಯಾಗಿ ಎಚಿಂಗ್ ಆದ ಜಾಗ ಯಾವ ಕೋನದಿಂದ ನೋಡಿದರೂ ಮಂಕಾಗಿರುತ್ತದೆ. ಆಗದ ಜಾಗದಲ್ಲಿ ದೀಪದ ಚುಕ್ಕೆ ಚಕ್ಕನೆ ಮಿನುಗಿ ಜಾರುತ್ತದೆ. ಸಾಮಾನ್ಯವಾಗಿ ಅಡ್ಡಡ್ಡ ಪಟ್ಟಿಯಾಗಿ, ಬಿಳಿ ಗೆರೆಗಳ ದಿಕ್ಕಿನಲ್ಲೇ ಇಂಥ ಹೊಳೆಯುವ ತೇಪೆಗಳು ಉಳಿದಿರುತ್ತವೆ. ಹಂತ 1ರ ಫೋಟೊ ಪಕ್ಕದಲ್ಲಿಟ್ಟು ಹೋಲಿಸಿ. ಹೊಳೆಯುವ ತೇಪೆಗೆ ಮಾತ್ರ ಮತ್ತೆ ಆಸಿಡ್ ಹಚ್ಚಿ, ಉಳಿದದ್ದನ್ನು ಬಿಡಿ.

## ಹಂತ 6: ಒಣಗಿಟ್ಟುಕೊಳ್ಳಿ

ಎಚಿಂಗ್ ಆದ ಎನಾಮೆಲ್‌ಗೆ ಜೊಲ್ಲು ತಾಗಿದರೆ ಬರೀ ಗಾಳಿ ಬಿಟ್ಟು ಒಣಗಿಸಿ ಮುಂದುವರಿಯಬೇಡಿ. ಜೊಲ್ಲಿನ ಪ್ರೋಟೀನ್ ಅಷ್ಟರಲ್ಲೇ ಅಂಟಿಕೊಂಡಿರುತ್ತದೆ. ತೊಳೆದು, ಒಣಗಿಸಿ, 10 ಸೆಕೆಂಡ್ ಮತ್ತೆ ಆಸಿಡ್ ಹಚ್ಚಿ ತೊಳೆಯಿರಿ. ಬೆರಳಿನ ಗ್ಲೌಸ್ ತಾಗಿದರೂ ಇದೇ ನಿಯಮ. ಒಮ್ಮೆಗೇ ಹತ್ತು ಹಲ್ಲಿಗೆ ಆಸಿಡ್ ಹಚ್ಚುವ ಬದಲು ನಿಮ್ಮ ವೇಗಕ್ಕೆ ತಕ್ಕಂತೆ ನಾಲ್ಕೋ ಐದೋ ಮಾಡಿಕೊಳ್ಳಿ.

## ಹಂತ 7: ಬಾಂಡ್ ಮತ್ತು ಬ್ರಾಕೆಟ್

ಬಾಂಡನ್ನು ಮೈಕ್ರೋಬ್ರಷ್‌ನಿಂದ ತೆಳುವಾಗಿ ಸವರಿ, ತಯಾರಕರು ಹೇಳಿದಷ್ಟು ಹೊತ್ತು ಉಜ್ಜಿ. ಗುಳಿಗಳಲ್ಲಿ ಬಾಂಡ್ ಕೆರೆಯಂತೆ ನಿಲ್ಲದಂತೆ ಮೆಲುವಾಗಿ ಗಾಳಿ ಬಿಡಿ. ಬ್ರಾಕೆಟ್ಟಿನ ತಳದ ಬಲೆಯೊಳಗೆ ಕಾಂಪೋಸಿಟ್ ಒತ್ತಿ ತುಂಬಿ, ಹಲ್ಲಿನ ಮೇಲಿಟ್ಟು ಗಟ್ಟಿಯಾಗಿ ಒತ್ತಿ, ಸುತ್ತ ಹೊರಬಂದದ್ದನ್ನು ತೆಗೆಯಿರಿ. ಲೈಟ್ ಹಾಕುವ ಮೊದಲು ಮತ್ತೆ ಜರುಗಿಸಿದರೆ ಅಡಿಯಲ್ಲಿ ಗಾಳಿ ಸೇರುತ್ತದೆ, ಸ್ಥಾನವನ್ನು ಒಮ್ಮೆಗೇ ನಿರ್ಧರಿಸಿ.

ಲೋಹದ ಬ್ರಾಕೆಟ್ ಬೆಳಕನ್ನು ಬಿಡುವುದಿಲ್ಲ. ಹಾಗಾಗಿ ಎದುರಿನಿಂದಲ್ಲ, ಬದಿಗಳಿಂದ ಬೆಳಕು ಹಾಯಿಸಿ. ಲೈಟಿನ ತುದಿಯ ಮೇಲೆ ಹಳೆ ಕಾಂಪೋಸಿಟ್ ಅಂಟಿದೆಯೇ ನೋಡಿ. ರೇಡಿಯೋಮೀಟರ್ ಇದ್ದರೆ ಲೈಟಿನ ಬಲವನ್ನು ತಿಂಗಳಿಗೊಮ್ಮೆ ಅಳೆಯಿರಿ.

## ಹಂತ 8: ಅಂಟಿಸಿದ ಮೇಲೆ ಫ್ಲೋರೈಡ್

ಈಗ ಫ್ಲೋರೈಡ್‌ಗೆ ಸಮಯ. ಬ್ರಾಕೆಟ್ ಸುತ್ತ ಬಿಳಿ ಕಲೆ ಬೀಳದಂತೆ ವಾರ್ನಿಷ್ ಹಚ್ಚುವುದು ಒಳ್ಳೆಯ ಅಭ್ಯಾಸ. ಆದರೆ ಎಪಿಎಫ್ ಜೆಲ್ ಆಮ್ಲೀಯ. ಅದು ಪಿಂಗಾಣಿ ಕ್ರೌನ್, ವೆನೀರ್ ಮತ್ತು ಗಾಜಿನ ಕಣವಿರುವ ಕಾಂಪೋಸಿಟ್‌ನ ಮೇಲ್ಮೈಯನ್ನು ಕೊರೆಯುತ್ತದೆ. ಬಾಯಲ್ಲಿ ಇವು ಇದ್ದರೆ ತಟಸ್ಥ ಸೋಡಿಯಂ ಫ್ಲೋರೈಡನ್ನೇ ಆರಿಸಿ.

## ಸಿಲ್ವರ್ ಡೈಅಮೈನ್ ಫ್ಲೋರೈಡ್ ಹಚ್ಚಿದ ಹುಳುಕಿಗೆ

ಇದನ್ನು ಬೇರೆಯಾಗಿ ಹೇಳಲು ಕಾರಣವಿದೆ. ಈ ದ್ರಾವಣ ಬೆಳಕಿಗೆ ಕಪ್ಪಾಗುತ್ತದೆ. ಅದು ಒದ್ದೆಯಾಗಿದ್ದಾಗಲೇ ಮೇಲೆ ಕಾಂಪೋಸಿಟ್ ಇಟ್ಟು ಲೈಟ್ ಹಾಕಿದರೆ ಅಂಚೆಲ್ಲ ಕಪ್ಪಾಗುತ್ತದೆ, ಅಂಟೂ ಕುಂದುತ್ತದೆ. ಅದೇ ದಿನ ಮುಚ್ಚಲೇಬೇಕಿದ್ದರೆ ಚೆನ್ನಾಗಿ ತೊಳೆದು ಗ್ಲಾಸ್ ಅಯನೋಮರ್ ಹಾಕಿ. ಕಾಂಪೋಸಿಟ್ ಬೇಕೆಂದರೆ ಮುಂದಿನ ಭೇಟಿಗೆ ಇಟ್ಟುಕೊಳ್ಳಿ. ಆಗ ಗುಂಡಿಯ ಅಂಚಿನ ಸುತ್ತ ಕಪ್ಪಾದ ಮೇಲ್ಪದರ ತೆಗೆದು, ಆರೋಗ್ಯವಾದ ಎನಾಮೆಲ್ ಅಂಚು ಸಿಕ್ಕಿದ ಮೇಲೆ ಎಚಿಂಗ್ ಮಾಡಿ. ತಳದಲ್ಲಿ ಗಟ್ಟಿಯಾದ ಕಪ್ಪು ಡೆಂಟಿನ್ ಇದ್ದರೆ ಅದನ್ನು ಕೆರೆಯಬೇಡಿ.

## ಬಿದ್ದ ಬ್ರಾಕೆಟ್ ಏನು ಹೇಳುತ್ತದೆ

"ಬಿದ್ದರೆ ಎಸೀಬೇಡಮ್ಮ, ಕಾಗದದಲ್ಲಿ ಸುತ್ತಿ ತಗೊಂಡು ಬಾ" ಎಂದು ಪ್ರತಿ ರೋಗಿಗೂ ಮೊದಲೇ ಹೇಳಿಡಿ. ಅದರ ತಳ ನೋಡಿದರೆ ಯಾವ ಹಂತ ತಪ್ಪಿತು ಎಂಬುದು ಗೊತ್ತಾಗುತ್ತದೆ.

ಕಾಂಪೋಸಿಟ್ ಪೂರ್ತಿ ಬ್ರಾಕೆಟ್ ಮೇಲಿದೆ, ಹಲ್ಲು ಸ್ವಚ್ಛವಾಗಿದೆ: ಎನಾಮೆಲ್ ಕಡೆಯ ಸೋಲು. ಹೊಳಪಿನ ತೇಪೆ ಉಳಿದಿತ್ತು, ಜೊಲ್ಲು ತಾಗಿತ್ತು, ಇಲ್ಲವೇ ಗಾಳಿಯಲ್ಲಿ ಎಣ್ಣೆ ಇತ್ತು. ಫ್ಲೋರೈಡ್ ಹಲ್ಲಿನಲ್ಲಿ ನೀವು ಕಾಣಬೇಕಾದ ಗುರುತು ಇದೇ. ಹಂತ 3ರಿಂದ ಮತ್ತೆ ಶುರು ಮಾಡಿ.

ಕಾಂಪೋಸಿಟ್ ಹಲ್ಲಿನ ಮೇಲಿದೆ, ಬ್ರಾಕೆಟ್ಟಿನ ಬಲೆ ಖಾಲಿ: ಫ್ಲೋರೈಡನ್ನು ದೂರಬೇಡಿ. ಬೆಳಕು ಸಾಲದೆ ಹೋಯಿತು, ಬಲೆಗೆ ಬೆರಳು ತಾಗಿತು, ಅಥವಾ ಕಚ್ಚುವಾಗ ಎದುರಿನ ಹಲ್ಲು ಬಡಿಯುತ್ತಿದೆ.

ಕಾಂಪೋಸಿಟ್ ತಳದಲ್ಲಿ ಬಿಳಿ ಎನಾಮೆಲ್ ಚೂರು ಅಂಟಿದೆ: ಅಲ್ಲಿಗೇ ನಿಲ್ಲಿಸಿ. ಹೆಚ್ಚು ಹೊತ್ತು ಎಚಿಂಗ್ ಮಾಡಿ ಸರಿಪಡಿಸುವ ಸ್ಥಿತಿ ಅದಲ್ಲ. ಹಲ್ಲೇ ಒಡೆಯುತ್ತಿದೆ. ಕಿತ್ತ ಜಾಗವನ್ನು ಮೊದಲು ಕಾಂಪೋಸಿಟ್‌ನಿಂದ ಕಟ್ಟಿ, ಆ ಹಲ್ಲಿಗೆ ಹಾಕುವ ತಂತಿಯ ಬಲ ಇಳಿಸಿ, ದವಡೆಹಲ್ಲಾದರೆ ಬ್ಯಾಂಡಿಗೆ ಬದಲಿಸಿ.

ಒಂದೇ ಹಲ್ಲಿನ ಬ್ರಾಕೆಟ್ ಎರಡು ಸಲ ಎನಾಮೆಲ್ ಕಡೆಯಿಂದಲೇ ಬಿದ್ದರೆ ಮೂರನೇ ಸಲ ಅದೇ ಪದ್ಧತಿಯಲ್ಲಿ ಅಂಟಿಸಬೇಡಿ. ಹಲ್ಲಿನ ಮೇಲೆ ಉಳಿದ ಹಳೆಯ ರೆಸಿನ್ ಎಚಿಂಗ್‌ಗೆ ಅಡ್ಡ ಬರುತ್ತದೆ, ಅದನ್ನು ಟಂಗ್‌ಸ್ಟನ್ ಕಾರ್ಬೈಡ್ ಬರ್‌ನಿಂದ ನಿಧಾನಗತಿಯಲ್ಲಿ ಪೂರ್ತಿ ತೆಗೆಯಿರಿ. ಎನಾಮೆಲ್ ಕಾಣಿಸಿದ ಮೇಲೆ ಒಣಗಿಸಿ ಟಿಎಫ್ ದರ್ಜೆಯನ್ನು ಮತ್ತೊಮ್ಮೆ ನೋಡಿ. ಮೊದಲ ದಿನ 3 ಎಂದು ಬರೆದುಕೊಂಡ ಹಲ್ಲು 5 ಆಗಿರುವುದು ಇಲ್ಲಿ ಆಗಾಗ ಗೊತ್ತಾಗುತ್ತದೆ. ಹಾಗಿದ್ದರೆ ಹಂತ 4 ಮಾಡಿಯೇ ಮುಂದೆ ಹೋಗಬೇಕು.